ಮೂರು ಎಕರೆ ಅಡಿಕೆ ತೋಟ, ಕೊನೆಗಾರ ಇಲ್ಲ: ಮೊದಲು ಯಾವ ಮಷಿನ್ ತಗೊಳ್ಳೋದು?

ಮೇಗರವಳ್ಳಿ ಹುಡುಗ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕು, ಮೇಗರವಳ್ಳಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದೇನೆ. ತೋಟ ಮೂರು ಎಕರೆ, ಆದರೆ ಒಂದೇ ಕಡೆ ಇಲ್ಲ. ಮನೆ ಎದುರಿಗೆ ಒಂದೂವರೆ, ಗುಡ್ಡದ ಬುಡದಲ್ಲಿ ಒಂದು, ಹಳ್ಳದಾಚೆ ಅರ್ಧ. ಮನೆ ಎದುರಿನದು ಅಜ್ಜನ ಕಾಲದ ಮರಗಳು, ಕತ್ತೆತ್ತಿ ನೋಡಿದರೆ ಟೋಪಿ ಬೀಳುತ್ತದೆ. ಉಳಿದದ್ದು ಸಣ್ಣ ಪ್ರಾಯದ ತೋಟ.

ನಮಗೆ ಮರ ಹತ್ತಿ ಕೊನೆ (ಅಡಿಕೆ ಗೊನೆ) ತೆಗೆಯುತ್ತಿದ್ದ ಕೊನೆಗಾರರು ಈ ಸಲ ಹೇಳಿಬಿಟ್ಟರು, ಇನ್ನು ಮರ ಹತ್ತಲ್ಲ, ಮಂಡಿ ಕೇಳುತ್ತಿಲ್ಲ ಅಂತ. ಅವರ ಮಗ ಶಿವಮೊಗ್ಗದಲ್ಲಿ ಕೆಲಸಕ್ಕೆ ಇದ್ದಾನೆ, ಈ ಕಡೆ ಬರುವ ಮಾತೇ ಇಲ್ಲ. ಹೋದ ಮಳೆಗಾಲ ಎರಡನೇ ಸಲದ ಔಷಧಿ ಹೊಡೆಯುವುದು ತಡವಾಗಿ ಕೊಳೆ ರೋಗ ಚೆನ್ನಾಗಿ ಬಡಿಯಿತು. ಗುಡ್ಡದ ಬುಡದ ತುಂಡಿಗೆ ಎಲೆಚುಕ್ಕೆ ರೋಗವೂ ಇದೆ.

ಕೈಯಲ್ಲಿ ಒಂದೂವರೆ ಲಕ್ಷದಷ್ಟು ಇದೆ. ಕಾರ್ಬನ್ ಫೈಬರ್ ದೋಟಿ (ಕೆಳಗೆ ನಿಂತೇ ಕೊಯ್ಯುವ ಉದ್ದದ ಕೋಲು), ಮರ ಏರುವ ಯಂತ್ರ, ಅಡಿಕೆ ಸುಲಿಯುವ ಮಷಿನ್, ಇವುಗಳಲ್ಲಿ ಮೊದಲು ಯಾವುದು? ಇಲ್ಲಾ ಯಾರ ಜೊತೆಗಾದರೂ ಸೇರಿ ಡ್ರೋನ್ ತಗೊಳ್ಳೋದಾ? ಕಳೆ ಕೊಚ್ಚುವ ಮಷಿನ್ ಮನೆಯಲ್ಲಿದೆ. ಅಪ್ಪ ಮಾತ್ರ "ಮಷಿನ್ ತಂದು ಅಟ್ಟದ ಮೇಲೆ ಇಡೋಕಾ?" ಎನ್ನುತ್ತಿದ್ದಾರೆ. ಬಳಸಿದವರು ದಯವಿಟ್ಟು ಹೇಳಿ. ಕಂಪನಿಯವರ ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ.

ಹಾರುವ ರೈತ:

ಡ್ರೋನ್ ಬಗ್ಗೆ ಹಿಂಜರಿಯಬೇಡಿ. ಇನ್ನೇನಿದ್ದರೂ ಅದರದ್ದೇ ಕಾಲ. ಕೇಂದ್ರದ ಯೋಜನೆಯಲ್ಲಿ ರೈತರಿಗೆ ಶೇ. 40ರಷ್ಟು, ಗರಿಷ್ಠ 4 ಲಕ್ಷದವರೆಗೆ ಸಹಾಯಧನ ಇದೆ. ಸಣ್ಣ ರೈತರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರಿಗೆ ಶೇ. 50, ಗರಿಷ್ಠ 5 ಲಕ್ಷ. ನಿಮ್ಮೂರಲ್ಲಿ ಹೆಂಗಸರ ಸ್ವಸಹಾಯ ಸಂಘ ಇದ್ದರೆ ಇನ್ನೂ ಒಳ್ಳೆಯದು, ನಮೋ ಡ್ರೋನ್ ದೀದಿ ಯೋಜನೆಯಲ್ಲಿ 2025–26ರವರೆಗೆ ಶೇ. 80, ಗರಿಷ್ಠ 8 ಲಕ್ಷ. 2025ರ ಸೆಪ್ಟೆಂಬರ್‌ನಿಂದ ಡ್ರೋನ್ ಮೇಲಿನ ಜಿಎಸ್‌ಟಿಯೂ ಶೇ. 5ಕ್ಕೆ ಇಳಿದಿದೆ. ಹಾರಿಸುವವರು 10ನೇ ಕ್ಲಾಸ್ ಪಾಸಾಗಿರಬೇಕು, ತರಬೇತಿ ಮುಗಿಸಿ ಪೈಲಟ್ ಪ್ರಮಾಣಪತ್ರ ತಗೊಂಡರೆ 10 ವರ್ಷ ಚಿಂತೆ ಇಲ್ಲ. ಹತ್ತು ಲೀಟರ್ ಟ್ಯಾಂಕಿನಲ್ಲಿ ಒಂದು ಎಕರೆ ಕಾಲು ಗಂಟೆಯೊಳಗೆ ಮುಗಿಯುತ್ತದೆ. ನಾವು ಶಿಕಾರಿಪುರದ ಕಡೆ ಮೆಕ್ಕೆಜೋಳಕ್ಕೆ, ಭತ್ತಕ್ಕೆ ಹೊಡೆಸುತ್ತೇವೆ. ಆಳಿನ ತಲೆಬಿಸಿಯೇ ಇಲ್ಲ.

ನಿಟ್ಟೂರು ತೋಟದವರು:

ಹಾರುವ ರೈತರು ಬರೆದ ಸಬ್ಸಿಡಿ ಲೆಕ್ಕ ಸರಿಯೇ ಇದೆ. ಜೋಳಕ್ಕೆ, ಗದ್ದೆಗೆ ಡ್ರೋನ್ ಬಹಳ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಡಿಕೆಯ ಕೊಳೆಗೆ ಅದನ್ನ ನಂಬಿ ಕೂರಬೇಡ ತಮ್ಮಾ.

ಕಾರಣ ಹೇಳುತ್ತೇನೆ. ಕೊಳೆ ಬರುವುದು ಕಾಯಿಗೆ. ಕೊನೆ ಇರುವುದು ಸೋಗೆಗಳ (ಎಲೆಗಳ) ಕೆಳಗೆ, ಹಾಳೆಯ ಬುಡದಲ್ಲಿ. ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಗಿಡದ ಒಳಗೆ ಹೋಗಿ ಕೆಲಸ ಮಾಡುವ ಔಷಧಿ ಅಲ್ಲ. ಕಾಯಿಯ ಮೇಲೆ ಎಲ್ಲಿ ಬಿತ್ತೋ ಅಲ್ಲಿ ಮಾತ್ರ ಕಾಯುತ್ತದೆ. ಡ್ರೋನ್ ಮೇಲಿಂದ ಹೊಡೆದರೆ ಸೋಗೆಯೇ ಕೊಡೆ ಹಿಡಿದ ಹಾಗೆ ತಡೆಯುತ್ತದೆ. ಕೆಳಗಿರುವ ಕಾಯಿಗೆ ಸಿಗುವುದು ಎಷ್ಟು? ಇನ್ನೊಂದು, ಒಂಬತ್ತಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ. ಮರಕ್ಕೆ ಒಂದೇ ಲೀಟರ್ ಹಿಡಿದರೂ ಐನೂರು ಲೀಟರ್ ದಾಟಿತು. ಹತ್ತು ಲೀಟರ್ ಎಲ್ಲಿ, ಐನೂರು ಎಲ್ಲಿ! ಸುಣ್ಣದ ಗಸಿ ಸಣ್ಣ ನಾಜಲ್‌ಗೆ ಕಟ್ಟಿಕೊಳ್ಳುವುದು ಬೇರೆ. ಎಲೆಚುಕ್ಕೆಗೆ ಎಲೆಯ ಮೇಲೆ ಹೊಡೆಯುವ ಮಾತು ಬೇರೆ, ಅದಕ್ಕೆ ಬಾಡಿಗೆ ಡ್ರೋನ್ ಕರೆಸಿ ಒಂದು ತುಂಡಿನಲ್ಲಿ ನೋಡಬಹುದು. ಆದರೂ ನಿನ್ನ ಗುಡ್ಡದ ಬುಡದಲ್ಲಿ ಹಲಸು, ಸಿಲ್ವರ್ ಓಕ್ ಅಂತ ಮರಗಳಿದ್ದರೆ ಹಾರಿಸುವವನೇ ಮೊದಲು ಕೈ ಎತ್ತುತ್ತಾನೆ.

ಇನ್ನು ಬಾಡಿಗೆಯ ವಿಷಯ. ಮೃಗಶಿರ ಮಳೆ ಮುಗಿಯುವ ಮೊದಲು ಒಂದು ಸಲ, ಅಲ್ಲಿಂದ 40–45 ದಿನ ಬಿಟ್ಟು ಪುಷ್ಯ ಮಳೆಯ ಹೊತ್ತಿಗೆ ಇನ್ನೊಂದು ಸಲ ಹೊಡೆಯಬೇಕು. ಮಳೆ ಹೊಳವು (ಬಿಡುವು) ಕೊಡುವುದು ಒಂದೋ ಎರಡೋ ದಿನ. ಆ ಎರಡು ದಿನ ಇಡೀ ಹೋಬಳಿಗೆ ಔಷಧಿ ಹೊಡೆಯುವವರು ಬೇಕು. ಡ್ರೋನ್ ಆಗಲಿ, ಆಳಾಗಲಿ, ನಿನ್ನ ಸರದಿ ಬರುವಷ್ಟರಲ್ಲಿ ಮತ್ತೆ ಜಡಿಮಳೆ. ಹೋದ ವರ್ಷ ನಿಮ್ಮಲ್ಲಿ ಆದದ್ದೂ ಇದೇ ಇರಬೇಕು ಅಲ್ವಾ? ಅದಕ್ಕೇ ನಾನು ಹೇಳುವುದು, ಊರಿಗೆಲ್ಲ ಒಂದೇ ದಿನ ಬೇಕಾಗುವ ಯಂತ್ರ ನಮ್ಮ ಮನೆಯಲ್ಲಿ ಇರಬೇಕು. ಹಿಂದೆ ಮುಂದೆ ಆದರೂ ನಡೆಯುತ್ತದೆ ಎನ್ನುವುದು ಬಾಡಿಗೆಗೋ ಪಾಲಿಗೋ ಸಾಕು.

ಆ ಲೆಕ್ಕದಲ್ಲಿ ನಿನಗೆ ಮೊದಲು ಬೇಕಾದದ್ದು ಕಾರ್ಬನ್ ದೋಟಿ ಮತ್ತು ಔಷಧಿಯನ್ನ ಜೋರಾಗಿ ಮೇಲಕ್ಕೆ ಒತ್ತುವ ಒಂದು ಎಚ್‌ಟಿಪಿ ಪಂಪು. ಆಳೇ ನಡೆಸಬೇಕಾದ ಹಳೇ ಗಟಾರ್ ಪಂಪು ಇದ್ದರೆ ಅದನ್ನ ಕಾಯಂ ಆಗಿ ನಡೆಸುವವರು ಈಗ ಸಿಗುವುದಿಲ್ಲ. ಪಂಪು ಮನೆ ಹತ್ತಿರ ಇಟ್ಟು, ಪೈಪ್ ಎಳೆದು, ದೋಟಿಯ ತುದಿಗೆ ನಾಜಲ್ ಕಟ್ಟಿದರೆ ಇಬ್ಬರು ಸಾಕು. ಒಬ್ಬ ದೋಟಿಗೆ, ಒಬ್ಬ ಪೈಪಿಗೆ. ಬಸಿಗಾಲುವೆ ದಾಟಿಸುವಾಗ ಪೈಪ್ ಹಿಡಿಯುವವನ ಕೆಲಸವೇ ಜಾಸ್ತಿ, ಇದನ್ನ ಯಾವ ವಿಡಿಯೋದಲ್ಲೂ ತೋರಿಸುವುದಿಲ್ಲ.

ದೋಟಿಯ ಸುಖ ದುಃಖ ಎರಡೂ ಕೇಳು. ಸುಖ ಏನೆಂದರೆ ಹಗುರ. ಮೊದಲು ಅಲ್ಯೂಮಿನಿಯಂ ದೋಟಿ ಎತ್ತಿದವರಿಗೆ ಇದು ಕೈಗೆ ಬಂದಾಗ ನಗುವೇ ಬರುತ್ತದೆ. ಕೊಳವೆ ಒಳಗೆ ಕೊಳವೆ, ಒಂದೊಂದೇ ಎಳೆದು ಲಾಕ್ ಹಾಕುತ್ತಾ ಹೋಗುವುದು. ದುಃಖ ಕುತ್ತಿಗೆಗೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಆಕಾಶ ನೋಡಿ ನಿಂತರೆ ರಾತ್ರಿ ಊಟಕ್ಕೆ ತಲೆ ಬಗ್ಗುವುದಿಲ್ಲ. ಔಷಧಿ ಮುಖದ ಮೇಲೇ ಇಳಿಯುತ್ತದೆ, ಕನ್ನಡಕ, ರೇನ್‌ಕೋಟ್ ಇಲ್ಲದೆ ನಿಲ್ಲಬೇಡ. ಗಾಳಿ ಬೀಸಿದರೆ ಪೂರ್ತಿ ಎಳೆದ ದೋಟಿಯ ತುದಿ ಅಲ್ಲಾಡುತ್ತದೆ, ಆಗ ಕೆಳಗಿಟ್ಟು ಚಾ ಕುಡಿಯುವುದೇ ವಾಸಿ. ಲಾಕ್ ಜಾಗಕ್ಕೆ ಮಣ್ಣು, ಸುಣ್ಣ ಸೇರದ ಹಾಗೆ ಸಂಜೆ ಒರೆಸಿಡು. ಅಡ್ಡ ಬಿದ್ದು ಯಾರಾದರೂ ತುಳಿದರೆ ಮುಗಿಯಿತು, ಸೀಳು ಬಿಡುತ್ತದೆ. ಹಾಗಾಗಿ ತಗೊಳ್ಳುವಾಗ ಬೆಲೆಗಿಂತ ಮೊದಲು ಕೇಳಬೇಕಾದದ್ದು, ಒಂದು ಕೊಳವೆ ಒಡೆದರೆ ಅದೊಂದನ್ನೇ ಕೊಡುತ್ತೀರಾ, ಎಷ್ಟು ದಿನಕ್ಕೆ ಕೊಡುತ್ತೀರಾ ಅಂತ. ಮಳೆಗಾಲದ ನಡುವೆ "ಫ್ಯಾಕ್ಟರಿಯಿಂದ ಬರಬೇಕು" ಎಂದರೆ ಅವರ ದೋಟಿ ಅವರಿಗೇ ಇರಲಿ.

ಕೊನೆ ತೆಗೆಯುವುದಕ್ಕೆ ಬಂದರೆ, ಇಲ್ಲಿ ಜನ ಒಂದು ಸಂಗತಿ ಮರೆಯುತ್ತಾರೆ. ದೋಟಿ ಮರ ಹತ್ತುವ ಕೆಲಸ ತಪ್ಪಿಸುತ್ತದೆ, ಹದ ನೋಡುವ ಕೆಲಸ ತಪ್ಪಿಸುವುದಿಲ್ಲ. ನಮ್ಮದು ಸುಲಿದು ಬೇಯಿಸುವ ಕೆಂಪಡಿಕೆ, ಹಸಿರಿರುವಾಗಲೇ ಕೊಯ್ಯಬೇಕು. ಬೇಗ ಕೊಯ್ದರೆ ತೂಕ ಇಲ್ಲ, ತಡ ಮಾಡಿದರೆ ಹಣ್ಣಾಗಿ ಗೋಟಾಗುತ್ತದೆ. ಮರದ ಮೇಲೆ ಕೂತ ಕೊನೆಗಾರ ಒಂದು ಕಾಯಿಯನ್ನ ಹಿಡಿದು, ಉಗುರು ಊರಿ, ಇದು ಈಗ, ಅದು ಮುಂದಿನ ಕೊಯ್ಲಿಗೆ ಎಂದು ಬಿಡುತ್ತಿದ್ದ. ಒಂದೇ ಮರದಲ್ಲಿ ಮೂರು ಕೊನೆ ಮೂರು ಹದದಲ್ಲಿ ಇರುತ್ತವೆ. ಐವತ್ತಡಿ ಕೆಳಗೆ ನಿಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ನೀನು ನೋಡಿದರೆ ಎಲ್ಲವೂ ಹಸಿರೇ.

ಅದಕ್ಕೆ ನಿಮ್ಮ ಆ ಹಳೇ ಕೊನೆಗಾರರನ್ನ ಬಿಡಬೇಡ. ಮರ ಹತ್ತಲ್ಲ ಅಂದರು, ಕೆಲಸಕ್ಕೆ ಬರಲ್ಲ ಅನ್ನಲಿಲ್ಲ ತಾನೇ? ಮನೆಗೆ ಹೋಗಿ ಮಾತಾಡು. ಹತ್ತುವವರಿಗೆ ಕೊಡುತ್ತಿದ್ದ ಸಂಬಳವನ್ನೇ ಕೊಟ್ಟು ಕೆಳಗೆ ನಿಲ್ಲಿಸಿಕೋ. ಅವರು ತೋರಿಸಲಿ, ನೀನು ಕೊಯ್ಯಿ. ನಮ್ಮಲ್ಲಿ ಹೀಗೇ ನಡೆದಿದೆ. ಅವರು ಕಾಂಡದ ಗೆಣ್ಣು, ಹಾಳೆ ಕಳಚಿದ ಕ್ರಮ, ಹಿಂದಿನ ಸಲ ಯಾವ ಮರ ಮೊದಲು ಬಂದಿತ್ತು ಅನ್ನುವ ನೆನಪು, ಎಲ್ಲವನ್ನೂ ಸೇರಿಸಿ ಕೆಳಗಿಂದಲೇ ಹೇಳುತ್ತಾರೆ. ನನ್ನ ಮಗ ಫೋನಿನಲ್ಲಿ ಫೋಟೋ ಎಳೆದು ದೊಡ್ಡದು ಮಾಡಿ ನೋಡುವಷ್ಟರಲ್ಲಿ ಅವರು ಮುಂದಿನ ಸಾಲಿಗೆ ಹೋಗಿರುತ್ತಾರೆ.

ದೋಟಿಯಲ್ಲಿ ಕೊಯ್ದ ಕೊನೆ ಹಗ್ಗದಲ್ಲಿ ಇಳಿಯುವುದಿಲ್ಲ, ಧಡ್ ಎಂದು ಬೀಳುತ್ತದೆ. ಕೆಳಗೆ ಬಲೆಯೋ ಟಾರ್ಪಾಲೋ ಹಿಡಿಯದಿದ್ದರೆ ಕಾಯಿ ಸಿಡಿದು ಕಾಲುವೆ ಪಾಲು. ಹೆಕ್ಕುವುದಕ್ಕೆ ಒಂದು ಆಳು ಜಾಸ್ತಿ ಹಿಡಿ. ಕೊಯ್ಲಿಗೆ ಮೊದಲು ಕಳೆ ಹೊಡೆದಿಡು, ಮಷಿನ್ ಇದೆ ಎಂದೆಯಲ್ಲ.

ಮರ ಏರುವ ಬೈಕಿನ ಬಗ್ಗೆ ಹೆಚ್ಚು ಹೇಳಲಾರೆ. ಬಂಟ್ವಾಳ ತಾಲ್ಲೂಕು ಸಜಿಪಮೂಡದ ಗಣಪತಿ ಭಟ್ಟರು ಮಾಡಿದ ಯಂತ್ರದ ವಿಡಿಯೋ 2019ರಲ್ಲಿ ದೇಶವೆಲ್ಲ ಓಡಾಡಿತು, ಬುದ್ಧಿವಂತಿಕೆಗೆ ಕೈ ಮುಗಿಯಬೇಕು. ಆದರೆ ಕೊನೆಗಾರ ಒಂದು ಮರದಿಂದ ಪಕ್ಕದ ಮರಕ್ಕೆ ಮೇಲಿಂದಲೇ ದಾಟುತ್ತಿದ್ದ. ಯಂತ್ರವಾದರೆ ಪ್ರತಿ ಮರಕ್ಕೂ ಹತ್ತಿ, ಇಳಿದು, ಬಿಚ್ಚಿ, ಹೊತ್ತು, ಮತ್ತೆ ಕಟ್ಟಬೇಕು. ದೋಟಿಗೆ ಎಟುಕದ ಹಳೇ ಮರ ಸುಮಾರಷ್ಟಿದ್ದರೆ ಯೋಚಿಸು.

ಒಂದು ಎಚ್ಚರಿಕೆ, ಇದನ್ನ ದಪ್ಪ ಅಕ್ಷರದಲ್ಲಿ ಓದಿಕೋ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ನೋಡಲು ಪ್ಲಾಸ್ಟಿಕ್ ತರಹ ಕಂಡರೂ ಅದು ಪ್ಲಾಸ್ಟಿಕ್ ಅಲ್ಲ. ತೋಟದ ಮೇಲೆ ಲೈನ್ ಹೋಗಿದ್ದರೆ ಆ ಸಾಲುಗಳಿಗೆ ದೋಟಿ ಎತ್ತಲೇಬೇಡ.

ಮೇಗರವಳ್ಳಿ ಹುಡುಗ:

ಅಣ್ಣಾ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಕೊನೆಗಾರರನ್ನ ಕೆಳಗೆ ನಿಲ್ಲಿಸಿಕೊಳ್ಳುವ ಮಾತು ಬಂದಾಗ "ಇವನ್ಯಾರೋ ತೋಟ ಮಾಡಿದವನು" ಎಂದರು.

ಈಗ ಭಯ ಬಿದ್ದಿರುವುದು ಲೈನಿಗೆ. ಮನೆ ಎದುರಿನ ತೋಟದ ಮೂಲೆಯಲ್ಲಿ 11 ಕೆವಿ ಲೈನ್ ದಾಟುತ್ತದೆ. ಆ ಕಡೆಯ ಮೂರು ನಾಲ್ಕು ಸಾಲು ಏನು ಮಾಡುವುದು? ಹಿಡಿಕೆಗೆ ರಬ್ಬರ್ ಇದೆ, ತೊಂದರೆ ಇಲ್ಲ ಎಂದು ಒಬ್ಬ ಅಂಗಡಿಯವರು ಫೋನಿನಲ್ಲಿ ಹೇಳಿದರು. ಮತ್ತೆ ಸುಲಿಯುವ ಮಷಿನ್ ಬಗ್ಗೆ ಯಾರೂ ಹೇಳಲಿಲ್ಲ. ಅಮ್ಮನಿಗೆ ಅದೇ ಮುಖ್ಯ.

ಆವಿನಹಳ್ಳಿ ಅಕ್ಕ:

ಅಮ್ಮನ ಪರವಾಗಿ ನಾನು ಬರೆಯುತ್ತೇನೆ. ಗಂಡಸರು ಕೊನೆ ಕೆಳಗಿಳಿಸಿದರೆ ಅಡಿಕೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಅಲ್ಲಿಂದಲೇ ಶುರು ನಮ್ಮದು. ಅದೇ ದಿನ ಅಥವಾ ಮರುದಿನ ಸುಲಿದು ಬೇಯಿಸಬೇಕು, ಇಲ್ಲದಿದ್ದರೆ ಬಣ್ಣ ಹೋಗುತ್ತದೆ. ಮೊದಲು ಜಗಲಿ ತುಂಬ ಮೆಟ್ಟುಗತ್ತಿ (ಅಡಿಕೆ ಸುಲಿಯುವ ಕತ್ತಿ) ಇಟ್ಟುಕೊಂಡು ರಾತ್ರಿ ಹನ್ನೊಂದರವರೆಗೆ ಸುಲಿಯುತ್ತಿದ್ದರು. ಡಬ್ಬದ ಲೆಕ್ಕದಲ್ಲಿ ದುಡ್ಡು. ಈಗ ಆ ಹೆಂಗಸರ ಮಕ್ಕಳು ಸಾಗರದ ಬಟ್ಟೆ ಅಂಗಡಿಯಲ್ಲಿ ನಿಂತಿದ್ದಾರೆ. ಸರಿಯೇ, ಬೆರಳು ಕುಯ್ದುಕೊಳ್ಳುವುದು ತಪ್ಪಿತು.

ಮಷಿನ್ ಒಳ್ಳೆಯದೇ. ಆದರೆ ನಾಲ್ಕು ಸಂಗತಿ ನೋಡಿಕೊಳ್ಳಿ. ಕಾಯಿ ಗಾತ್ರ ಬೇರೆ ಬೇರೆ ಇದ್ದರೆ ಸಣ್ಣದು ಸಿಪ್ಪೆ ಸಮೇತ ಹೊರಗೆ ಬರುತ್ತದೆ, ದೊಡ್ಡದು ಗಾಯ ಆಗುತ್ತದೆ. ಜಾಳಿಸಿ ಬೇರೆ ಮಾಡಿ ಹಾಕಿದರೆ ಅರ್ಧ ತೊಂದರೆ ಕಡಿಮೆ. ತೀರಾ ಎಳೆಯದು ಪುಡಿಯಾಗುತ್ತದೆ, ಅದನ್ನ ಕೈಯಲ್ಲೇ ಸುಲಿಯಿರಿ. ಸಿಪ್ಪೆ ಉಳಿದದ್ದನ್ನ ಸರಿ ಮಾಡಲು ಒಬ್ಬರೋ ಇಬ್ಬರೋ ಮೆಟ್ಟುಗತ್ತಿ ಹಿಡಿದು ಕೂರಲೇಬೇಕು. ಮತ್ತೆ ಕರೆಂಟು. ತ್ರೀಫೇಸ್ ನಮಗೆ ದಿನಕ್ಕೆ ಕೆಲವೇ ಗಂಟೆ, ಅದೂ ಅವರಿಗೆ ಬೇಕಾದ ಹೊತ್ತಿಗೆ. ಮೂರು ಎಕರೆಗೆ ಸಿಂಗಲ್ ಫೇಸಿನಲ್ಲಿ ಓಡುವ ಸಣ್ಣ ಮಷಿನ್ ಸಾಕು. ತಗೊಳ್ಳುವ ಮೊದಲು ನಿಮ್ಮ ತೋಟದ ಹಸಿ ಅಡಿಕೆಯನ್ನೇ ಒಂದು ಚೀಲ ಹೊತ್ತುಕೊಂಡು ಹೋಗಿ, ಅವರ ಎದುರಲ್ಲೇ ಹಾಕಿಸಿ ನೋಡಿ. ಅವರು ತೋರಿಸುವ ಅಡಿಕೆ ಯಾವಾಗಲೂ ಒಂದೇ ಗಾತ್ರದ್ದೇ ಇರುತ್ತದೆ!

ನಾವು ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ತಗೊಂಡಿದ್ದೇವೆ. ಕೊಯ್ಲಿನ ದಿನ ಮೊದಲೇ ಮಾತಾಡಿ ಹಂಚಿಕೊಳ್ಳುತ್ತೇವೆ. ಜಗಳ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಆಗುತ್ತದೆ, ಬ್ಲೇಡ್ ಹರಿತ ಮಾಡಿಸುವ ದುಡ್ಡಿಗೆ. ಅದಕ್ಕೊಂದು ಪುಸ್ತಕ ಇಟ್ಟಿದ್ದೇವೆ.

ಇಲಾಖೆಯ ಸಹಾಯಧನ ಬೇಕಿದ್ದರೆ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಮೊದಲು ಸರಿ ಮಾಡಿಸಿಕೊಳ್ಳಿ. ಪಹಣಿ ಅಪ್ಪನ ಹೆಸರಲ್ಲಿದ್ದರೆ ಅರ್ಜಿಯೂ ಅಪ್ಪನದೇ. ಅರ್ಜಿ, ಮಂಜೂರಾತಿ, ಆಮೇಲೆ ಖರೀದಿ. ಮೊದಲು ತಗೊಂಡು ಬಿಲ್ ಹಿಡಿದು ಹೋದರೆ ಸುಮ್ನೆ ಅಲೆದಾಟ.

ಭದ್ರಾ ನಾಲೆ:

ಅಡಿಕೆ ನಡುವೆ ಗದ್ದೆಯವನೂ ಒಂದು ಮಾತು ಹಾಕಲಾ? ನಮ್ಮ ಭದ್ರಾವತಿ ಕಡೆ ಯಾರೂ ದೊಡ್ಡ ಮಷಿನ್ ಕೊಳ್ಳುವುದಿಲ್ಲ. ಕೊಯ್ಲಿನ ಹೊತ್ತಿಗೆ ತಮಿಳುನಾಡಿನಿಂದ ಕಟಾವು ಮಷಿನ್‌ಗಳು ಲಾರಿ ಮೇಲೆ ಬರುತ್ತವೆ, ಗಂಟೆ ಲೆಕ್ಕ ಕೊಟ್ಟು ಮುಗಿಸುತ್ತೇವೆ. ಕೆಸರಿದ್ದರೆ ಚೈನಿನದ್ದು, ಒಣಗಿದ್ದರೆ ಟೈರಿನದ್ದು. ನಷ್ಟ ಆದದ್ದು ಹುಲ್ಲಿಗೆ, ದನಕ್ಕೆ ಹಾಕುವ ಹಾಗೆ ಉಳಿಯುತ್ತಿರಲಿಲ್ಲ. ಈಗ ಹಿಂದೆಯೇ ಬೇಲರ್ ಬಂದು ಹುಲ್ಲನ್ನ ಸುರುಳಿ ಕಟ್ಟಿ ಕೊಡುತ್ತದೆ. ಸಣ್ಣಪುಟ್ಟದಕ್ಕೆ ಹೋಬಳಿಯ ಕೃಷಿ ಯಂತ್ರಧಾರೆ ಇದೆ, 2014–15ರಿಂದ ನಡೆಯುತ್ತಿದೆ. ಟಿಲ್ಲರ್, ಸ್ಪ್ರೇಯರ್ ಬಾಡಿಗೆಗೆ ಸಿಗುತ್ತದಾ ಎಂದು ಒಮ್ಮೆ ವಿಚಾರಿಸಿ ನೋಡಿ. ಕೊಂಡು ತುಕ್ಕು ಹಿಡಿಸುವುದಕ್ಕಿಂತ ವಾಸಿ.

ನಿಟ್ಟೂರು ತೋಟದವರು:

ಭದ್ರಾ ನಾಲೆಯವರೇ, ನಿಮ್ಮ ಗದ್ದೆಗೆ ಲಾರಿ ಬರುತ್ತದೆ. ನಮ್ಮಲ್ಲಿ ತೋಟಕ್ಕೆ ಹೋಗುವ ಸಂಕದ (ಕಿರುಸೇತುವೆ) ಮೇಲೆ ಕೈಗಾಡಿ ತಳ್ಳಿದರೇ ದೊಡ್ಡದು. ಬಾಡಿಗೆ ಮಷಿನ್ ರಸ್ತೆಯವರೆಗೆ ಬಂದು ನಿಲ್ಲುತ್ತದೆ.

ಅಕ್ಕ ಹೇಳಿದ ಒಂದು ಚೀಲ ಹಸಿ ಅಡಿಕೆ ಹೊತ್ತುಕೊಂಡು ಹೋಗುವ ಉಪಾಯ ಬಹಳ ಸರಿ. ನಾನೂ ಅದನ್ನೇ ಹೇಳುತ್ತಿದ್ದೆ.

ತಮ್ಮಾ, ಲೈನಿನ ವಿಷಯ. ಹಿಡಿಕೆಯ ರಬ್ಬರ್ 11 ಕೆವಿಗೆ ಏನೂ ಅಲ್ಲ. ಹಾಗೆ ಹೇಳಿದ ಅಂಗಡಿಯಲ್ಲಿ ದೋಟಿ ತಗೊಳ್ಳಬೇಡ. ದೋಟಿ ತಂತಿಗೆ ತಾಗಲೇಬೇಕು ಎಂದೂ ಇಲ್ಲ, ಹತ್ತಿರ ಹೋದರೆ ಸಾಕು. ಅದರಲ್ಲೂ ಒದ್ದೆ ದೋಟಿ, ಒದ್ದೆ ಪೈಪ್, ಒದ್ದೆ ನೆಲ. ಬೀಳುವ ಮರ, ಬೀಳುವ ದೋಟಿ ಯಾವ ಕಡೆ ವಾಲುತ್ತದೆ ಹೇಳಲಾಗದು, ಹಾಗಾಗಿ ದೋಟಿಯ ಪೂರ್ತಿ ಉದ್ದದಷ್ಟು ಜಾಗವನ್ನ ಲೈನಿನ ಎರಡೂ ಕಡೆ ಬಿಟ್ಟುಬಿಡು. ಮೂರು ನಾಲ್ಕು ಸಾಲು ಎಂದೆ, ಅಳೆದರೆ ಅದಕ್ಕಿಂತ ಎಷ್ಟೋ ಜಾಸ್ತಿ ಆಗುತ್ತದೆ. ಆ ಸಾಲುಗಳಿಗೆ ಮೆಸ್ಕಾಂ (ಕರೆಂಟ್ ಕಂಪನಿ) ಶಾಖೆಗೆ ಮೊದಲೇ ಬರೆದುಕೊಟ್ಟು ಲೈನಿನ ಕರೆಂಟ್ ತೆಗೆಸು. ಲೈನ್‌ಮ್ಯಾನ್ ಎದುರಿಗೆ ನಿಂತು ತೆಗೆದಿದ್ದೇನೆ ಎನ್ನುವವರೆಗೆ ಕೆಲಸ ಶುರು ಮಾಡಬೇಡ. "ಕರೆಂಟ್ ಹೋಗಿದೆ, ಬೇಗ ಬೇಗ ಮುಗಿಸೋಣ" ಎನ್ನುವ ಧೈರ್ಯವಂತರು ಎಲ್ಲಾ ಊರಲ್ಲೂ ಇದ್ದಾರೆ, ಅವರ ಮಾತು ಕೇಳಬೇಡ. ಮಳೆಗಾಲದಲ್ಲಿ ಹೋದ ಕರೆಂಟ್ ಯಾವ ನಿಮಿಷಕ್ಕೆ ಬರುತ್ತದೋ ಮೆಸ್ಕಾಂನವರಿಗೇ ಗೊತ್ತಿರುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಬೋರ್ಡೋ ಔಷಧಿ ಮಾಡುವುದು. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು 100 ಲೀಟರ್, ಇದು ನಿಮ್ಮಪ್ಪನಿಗೆ ಗೊತ್ತೇ ಇರುತ್ತದೆ. ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನ ಸುಣ್ಣದ ನೀರಿಗೆ ಹುಯ್ಯಬೇಕು, ತಿರುಗಾ ಮುರುಗಾ ಅಲ್ಲ. ಕತ್ತಿ ಅದ್ದಿ ನೋಡು. ಅಲಗು ಕೆಂಪಗಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕು. ಹೊಸ ಪಂಪಿಗೆ ಹಾಕುವ ಮೊದಲು ಬಟ್ಟೆಯಲ್ಲಿ ಎರಡು ಸಲ ಸೋಸು, ಇಲ್ಲದಿದ್ದರೆ ದೋಟಿ ಇಳಿಸಿ ನಾಜಲ್ ಬಿಚ್ಚುವುದರಲ್ಲೇ ಹೊಳವು ಮುಗಿಯುತ್ತದೆ. ಮಾಡಿದ ದಿನವೇ ಹೊಡೆದು ಮುಗಿಸು. ಸಂಜೆ ಪಂಪಿಗೆ ಬರೀ ನೀರು ಓಡಿಸಿ ಇಡು.

ದೋಟಿಯ ಉದ್ದ ಆಮೇಲೆ ನೋಡೋಣ. ಮೊದಲು ಹಳೇ ತೋಟದಲ್ಲಿ ಹತ್ತಾರು ಮರದ ಎತ್ತರ ಅಳಿ. ಉದ್ದ ಜಾಸ್ತಿಯಾದಷ್ಟು ಬೆಲೆ, ಭಾರ, ಅಲ್ಲಾಟ ಎಲ್ಲವೂ ಜಾಸ್ತಿ. ಐದಾರು ಮುದಿ ಮರಕ್ಕೋಸ್ಕರ ಎಂಬತ್ತಡಿ ದೋಟಿ ತರಬೇಡ. ಅಳತೆ ಇಲ್ಲಿ ಹಾಕು, ಯಾವ ಉದ್ದದ್ದು ಎಂದು ಹೇಳುತ್ತೇನೆ. ಬೇಕಿದ್ದರೆ ಒಂದು ಭಾನುವಾರ ಕೊನೆಗಾರರನ್ನೂ ಕರೆದುಕೊಂಡು ನಿಟ್ಟೂರಿಗೆ ಬಾ, ನಮ್ಮ ದೋಟಿ ಎತ್ತಿ ನೋಡಿ ಹೋಗಬಹುದು. ಮೇ ಒಳಗೆ ಬಾ, ಮಳೆ ಹಿಡಿದ ಮೇಲೆ ನಾನು ಮಾತಿಗೆ ಸಿಗುವುದಿಲ್ಲ.